ಶನಿವಾರ ಹನ್ನೊಂದು ಗಂಟೆಯ ಬಿಳಿ ವೈನ್

"ಜೇನುತುಪ್ಪದ ವಾಸನೆ ಬರ್ತಿದೆ. ಬಾಯಿಗಿಟ್ಟರೆ ಸಿಹಿ ಒಂದು ಚೂರೂ ಇಲ್ಲ. ಸುಳ್ಳು ಹೇಳ್ತಿದೆ ಇದು..."

ಸಿಂಧೂರ ತನ್ನಷ್ಟಕ್ಕೆ ತಾನು ಗೊಣಗಿಕೊಂಡಿದ್ದಳು. ಪುಣೆಯ ಕ್ಯಾಂಪ್ ಬಡಾವಣೆಯ ಹಳೆಯ ಕಟ್ಟಡದ ಮಹಡಿಯಲ್ಲಿ, ವೈನ್ ರುಚಿ ನೋಡಲು ಉದ್ದ ಮೇಜಿನ ಸುತ್ತ ಕೂತ ಹನ್ನೆರಡು ಜನರಲ್ಲಿ ಕನ್ನಡ ತಿಳಿದವರು ಯಾರೂ ಇರಲಾರರು ಎಂಬ ಧೈರ್ಯ ಅವಳಿಗೆ.

ಆದರೆ ಬಾಟಲಿ ಹಿಡಿದು ವೈನ್ ಬಗ್ಗಿಸುತ್ತಿದ್ದವನ ಕೈ ತಟಕ್ಕನೆ ನಿಂತಿತು.

"ಇನ್ನೊಮ್ಮೆ ಹೇಳ್ರಿ," ಎಂದ ಅವನು. "ಜೇನು ಅಷ್ಟೇನ್ರಿ? ಬ್ಯಾರೆ ಏನರೆ ಬರ್ತದೇನು?"

ಅವಳ ಕೆನ್ನೆ ಬಿಸಿಯಾಯಿತು. ಗೇಲಿ ಮಾಡುತ್ತಿದ್ದಾನೆಯೇ? ಅವನ ಕಣ್ಣಲ್ಲಿ ಗೇಲಿ ಇರಲಿಲ್ಲ. ಉತ್ತರ ಸಿಗದಿದ್ದರೆ ಏನೋ ಕೈತಪ್ಪಿ ಹೋಗುತ್ತದೆ ಎಂಬಂತೆ ಕಾಯುತ್ತಿದ್ದ.

ಅವಳು ಗ್ಲಾಸನ್ನು ಮತ್ತೆ ಮೂಗಿನ ಹತ್ತಿರ ತಂದಳು. ಮೇಣ, ಕಾಯಿಸಿದ ಬ್ರೆಡ್ಡು, ಎಲ್ಲೋ ಹಿಂದೆ ನಿಂಬೆಸಿಪ್ಪೆ ಎಂದಳು. ಅವನು ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಅಷ್ಟನ್ನೂ ಬರೆದುಕೊಂಡ.

"ಅದು ಸುಳ್ಳಲ್ರಿ," ಎಂದ. "ವಯಸ್ಸು."

ಅವನ ಹೆಸರು ಪ್ರಣವ. ಧಾರವಾಡದ ಮನೆತನ, ಬೆಳೆದದ್ದು ಪುಣೆಯ ಕೋಥರೂಡದಲ್ಲಿ. ಮಧುಕರ್ ಎಂಬವರ ಸಣ್ಣ ವೈನ್ ಕಂಪನಿಯಲ್ಲಿ ಎರಡು ಬಗೆಯ ದ್ರಾಕ್ಷಿಯ ವೈನುಗಳನ್ನು ಹದವಾಗಿ ಬೆರೆಸುವುದು ಅವನ ಕೆಲಸ. ಒಂದು ದ್ರಾಕ್ಷಿ ಮಾವಿನಕಾಯಿಯಂತೆ ಚುರುಕು, ಇನ್ನೊಂದು ಮೌನಿ. ಎರಡನ್ನೂ ಸರಿಯಾಗಿ ಕೂಡಿಸಿ ಬಾಟಲಿಯಲ್ಲಿ ಮಲಗಿಸಿಟ್ಟರೆ, ವರ್ಷಗಳು ಉರುಳಿದ ಮೇಲೆ ಸಕ್ಕರೆಯ ಹಂಗಿಲ್ಲದೆ ಜೇನಿನ ಪರಿಮಳ ತಾನಾಗಿ ಏಳುತ್ತದಂತೆ. ಅವಳ ಗ್ಲಾಸಿನಲ್ಲಿದ್ದದ್ದು ಒಂಬತ್ತು ವರ್ಷದ್ದು.

ಸಿಂಧೂರ ಬಂದಿದ್ದೇ ಆಕಸ್ಮಿಕ. ಆಫೀಸಿನ ಗೆಳತಿ ಕೊಂಡಿದ್ದ ಟಿಕೆಟ್ಟು, ಆಕೆಗೆ ಬರಲಾಗದೆ ಇವಳಿಗೆ ಸಿಕ್ಕಿತ್ತು. ಸಾಫ್ಟ್‌ವೇರಿನ ತಪ್ಪು ಹುಡುಕುವುದು ಸಿಂಧೂರಳ ನೌಕರಿ. ಮೂಗು ಮಾತ್ರ ಅಪ್ಪನದು. ಪಾಂಡವಪುರದಲ್ಲಿ ಬೆಣ್ಣೆ ವ್ಯಾಪಾರ ಮಾಡುವ ಅಪ್ಪ ಚಲುವರಾಜು, ಯಾವ ಬೆಣ್ಣೆ ಹಳತು ಎಂದು ಮೂಸಿ ಹೇಳಲು ಆರು ವರ್ಷದ ಮಗಳನ್ನು ಕರೆಯುತ್ತಿದ್ದರು.

ಎಲ್ಲರೂ ಹೊರಟ ಮೇಲೆ ಪ್ರಣವ ಅವಳ ಹತ್ತಿರ ಬಂದು, ಹೊಸ ವೈನಿನ ಹದ ನೋಡಲು ಮುಂದಿನ ಶನಿವಾರ ಹನ್ನೊಂದಕ್ಕೆ ಬರುತ್ತೀರಾ ಎಂದು ಕೇಳಿದ. ನಾನೇ ಯಾಕೆ ಎಂದಳು.

"ನಿಮಗ ಯಾರೂ ಏನೂ ಕಲಿಸಿಲ್ಲ. ಅದಕ್ಕ."

ಇದು ಹೊಗಳಿಕೆಯೋ, ತೆಗಳಿಕೆಯೋ? ತನ್ನ ಮನೆ ಮುಟ್ಟುವವರೆಗೂ ಸ್ಕೂಟರಿನ ಮೇಲೆ ಯೋಚಿಸಿದಳು. ತಿಳಿಯಲಿಲ್ಲ.

ಆದರೂ ಹೋದಳು.

ಒಂದು ಶನಿವಾರ ಎರಡಾಯಿತು, ನಾಲ್ಕಾಯಿತು, ಹತ್ತಾಯಿತು. ಪ್ರತಿ ವಾರ ಎಂಟು ಗ್ಲಾಸು. ಅವಳು ಮೂಸಿ, ಒಂದು ಗುಟುಕು ಬಾಯಲ್ಲಾಡಿಸಿ, ಸ್ಟೀಲ್ ಡಬ್ಬಿಗೆ ಉಗುಳಿ, ತೋಚಿದ್ದನ್ನು ಹೇಳುವಳು. ಸೀಬೆಕಾಯಿ. ಒದ್ದೆ ಕಲ್ಲು. ಹಸಿ ಬಾದಾಮಿ. ಪ್ರಣವ ಕಣ್ಣು ಮುಚ್ಚಿ ಗ್ಲಾಸನ್ನು ಮೂಗಿಗೆ ಹಿಡಿದು ಬಹಳ ಹೊತ್ತು ಕೂರುವನು. ಆದರೆ ತನ್ನ ಅಭಿಪ್ರಾಯ ಹೇಳುತ್ತಿರಲಿಲ್ಲ. ಅವಳ ಮಾತನ್ನಷ್ಟೇ ಬರೆದುಕೊಳ್ಳುತ್ತಿದ್ದ.

ಮುಗಿದ ಮೇಲೆ ಕೆಳಗಿನ ಹೋಟೆಲಿನಲ್ಲಿ ಚಹಾ. ಅಪ್ಪನ ಬೆಣ್ಣೆಯ ಕಥೆಗಳನ್ನು ಕೇಳಿ ಕೇಳಿ ಹೇಳಿಸಿಕೊಳ್ಳುವನು. ಅವಳು ನಕ್ಕರೆ ಸುಮ್ಮನೆ ನೋಡುತ್ತಾ ಕೂರುವನು. ಏನೋ ಹೇಳಲು ಹೊರಟವನಂತೆ ತಡೆಯುವನು... ಕೊನೆಗೆ "ಮುಂದಿನ ಶನಿವಾರ ಬರ್ತೀರಲ್ರಿ?" ಎಂದಷ್ಟೇ ಕೇಳುವನು.

ಇವನಿಗೆ ನಾನು ಏನು? ಕೆಲಸದವಳೇ? ಗೆಳತಿಯೇ? ಸೋಮವಾರದಿಂದಲೇ ಶನಿವಾರಕ್ಕೆ ಕಾಯುವ ನನಗೆ ಇವನು ಏನು?

ರುಚಿ ನೋಡುವ ಕೋಣೆಗೆ ಸೆಂಟು, ಹೂವು ಕೂಡದು ಎಂಬುದು ಅವನದೇ ನಿಯಮ. ಹತ್ತನೇ ವಾರ ಸಿಂಧೂರ ಬೇಕೆಂದೇ ಮಣಿಕಟ್ಟಿಗೆ ಮಲ್ಲಿಗೆ ಅತ್ತರು ಹಚ್ಚಿಕೊಂಡು ಹೋದಳು. ಬೈಯಲಿ. ಬೈದರೂ ಸಾಕು, ಗಮನಿಸಿದನೆಂದಾಗುತ್ತದೆ.

ಅವನು ಪಕ್ಕದಲ್ಲೇ ಒಂದು ಗಂಟೆ ಕೂತಿದ್ದ. ಏನೂ ಹೇಳಲಿಲ್ಲ. ಮನೆಗೆ ಬಂದು ಅವಳು ಮಣಿಕಟ್ಟನ್ನು ಸೋಪು ಹಾಕಿ ತಿಕ್ಕಿ ತಿಕ್ಕಿ ತೊಳೆದಳು.

ಹನ್ನೊಂದನೇ ಶನಿವಾರ ಅವನು ಮೊದಲ ಬಾಟಲಿಯ ಬಿರಡೆ ಕಿತ್ತು, ಗ್ಲಾಸಿಗೆ ಬಗ್ಗಿಸಿ, ತಿರುಗಿಸಿ, ಕಣ್ಣು ಮುಚ್ಚಿ ಮೂಸಿದ. "ಭಾಳ ಛಲೋ ಆಗೇದ," ಎಂದು ಅವಳತ್ತ ಸರಿಸಿದ.

ಸಿಂಧೂರಳ ಮೂಗಿಗೆ ಹೊಡೆದದ್ದು ನೆನೆದ ಗೋಣಿಚೀಲದ ಮುಗ್ಗಲು ವಾಸನೆ. ಬಿರಡೆ ಕೆಟ್ಟು ವೈನೂ ಕೆಟ್ಟಿತ್ತು. ಎಳೆ ಮಗುವೂ ಮುಖ ಹಿಂಡುವಂಥದ್ದು.

ಪರೀಕ್ಷೆ ಮಾಡುತ್ತಿದ್ದಾನೆಯೇ? ಅವಳು ಅವನ ಮುಖ ನೋಡಿದಳು. ಕಪಟವೇನೂ ಕಾಣಲಿಲ್ಲ. ಆಗ ಮಲ್ಲಿಗೆ ನೆನಪಾಯಿತು.

"ಪ್ರಣವ್... ನಿಮಗೆ ವಾಸನೆ ಬರಲ್ಲ, ಅಲ್ವಾ?"

ಅವನು ಗ್ಲಾಸನ್ನು ಮೆಲ್ಲಗೆ ಕೆಳಗಿಟ್ಟ. ಹೇಳತೊಡಗಿದ. ಹೋದ ವರ್ಷದ ಜ್ವರ ಇಳಿಯಿತು, ಹೋದ ವಾಸನೆ ಮರಳಲಿಲ್ಲ. ಕರ್ಪೂರ ಇಲ್ಲ, ಕಾಫಿ ಇಲ್ಲ, ಅವ್ವನ ಒಗ್ಗರಣೆ ಇಲ್ಲ. ಮಧುಕರ್ ಅವರಿಗೆ ಗೊತ್ತಿಲ್ಲ. ಮೂಗಿಲ್ಲದವನಿಗೆ ಈ ಕೆಲಸ ಯಾರು ಕೊಡುತ್ತಾರೆ?

"ಹಾಗಾದ್ರೆ ನಾನು ನಿಮ್ಮ ಮೂಗು. ಅಷ್ಟೇ ತಾನೇ?"

ಅವನು ಗ್ಲಾಸಿನ ಕಾಲು ಹಿಡಿದು ತಿರುಗಿಸಿದ.

ಅಲ್ಲ ಎನ್ನು... ಒಂದೇ ಒಂದು ಮಾತು, ಅಲ್ಲ ಎನ್ನು... ಅವಳ ಮನಸ್ಸು ಬೇಡುತ್ತಿತ್ತು. ಅವನು ತಲೆ ತಗ್ಗಿಸಿದ. ಅವಳು ಬ್ಯಾಗೆತ್ತಿಕೊಂಡು ಮೆಟ್ಟಿಲಿಳಿದುಬಿಟ್ಟಳು.

ಮೂರು ವಾರ ಕಳೆಯಿತು. ಅವನ ಫೋನು ಎರಡು ಸಲ ಬಂತು, ಅವಳು ಎತ್ತಲಿಲ್ಲ. ಬಂದಾಗ ಖುಷಿಯಾಗುತ್ತಿತ್ತು, ಖುಷಿಯಾದದ್ದಕ್ಕೆ ಸಿಟ್ಟು ಬರುತ್ತಿತ್ತು. ಅವನು ನನ್ನನ್ನು ಬಳಸಿಕೊಂಡ ಎಂದು ಸಿಟ್ಟೋ, ಬಳಸಿಕೊಂಡದ್ದು ಬಿಟ್ಟರೆ ಬೇರೇನೂ ಇರಲಿಲ್ಲ ಎಂದು ದುಃಖವೋ? ಅವಳಿಗೇ ಬಿಡಿಸಲಾಗಲಿಲ್ಲ. ಊರಿನಿಂದ ಅಮ್ಮ ಫೋನು ಮಾಡಿ ದನಿ ಯಾಕೆ ಹೀಗಿದೆ ಎಂದರೆ, ನೆಗಡಿ ಎಂದಳು.

ಅದರ ಮುಂದಿನ ಶನಿವಾರ ಬೆಳಿಗ್ಗೆ ಮಧುಕರ್ ಅವರ ಕರೆ ಬಂತು.

ಹಿಂದಿನ ದಿನ ವೈನ್ ಕೊಳ್ಳುವವರೆಲ್ಲ ಸೇರಿದ್ದರಂತೆ. ಹೊಸ ವೈನ್ ಎಲ್ಲರಿಗೂ ಮೆಚ್ಚುಗೆಯಾಗಿ ಪ್ರಣವನನ್ನು ಹೊಗಳತೊಡಗಿದಾಗ ಅವನು ಎದ್ದು ನಿಂತು, ಈ ಹದ ನನ್ನದಲ್ಲ, ಸಿಂಧೂರ ಅವರದು, ನನಗೆ ಒಂದು ವರ್ಷದಿಂದ ವಾಸನೆಯೇ ತಿಳಿಯುವುದಿಲ್ಲ ಎಂದುಬಿಟ್ಟನಂತೆ. ಬೆರೆಸುವ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಬಾಟಲಿ ಕಾಯುವ ಕೆಲಸವಾದರೂ ಕೊಡಿ ಎಂದು ಕೇಳಿದ್ದಾನಂತೆ. ಬಾಟಲಿಯ ಮೇಲೆ ನಿಮ್ಮ ಹೆಸರು ಹಾಕಲು ಒಪ್ಪಿಗೆಯೇ ಎಂದು ಮಧುಕರ್ ಕೇಳಿದರು.

ಉತ್ತರಕ್ಕೆ ಕಾಯದೆ ಅವರೇ ಮುಂದುವರಿದು, ತಮಗೊಂದು ಅರ್ಥವಾಗುತ್ತಿಲ್ಲ ಎಂದರು. ನೀವು ಬರತೊಡಗಿದ ನಾಲ್ಕನೇ ಶನಿವಾರವೇ ಯಾವ ಹದ ಸರಿ ಎಂದು ಹೇಳಿದಿರಿ, ಆ ಸೋಮವಾರವೇ ಟ್ಯಾಂಕಿನಲ್ಲಿ ಬೆರೆಸಿ ಮುಗಿಸಿದೆವು. ಆಮೇಲೆ ಏಳು ವಾರ ನೀವಿಬ್ಬರೂ ಕೂತು ನೋಡಿದ್ದೇನು?

ಫೋನಿಟ್ಟು ಅವಳು ಸ್ಕೂಟರಿನ ಕೀಲಿ ಎತ್ತಿಕೊಂಡಳು. ಏಳು ವಾರ...

ಕ್ಯಾಂಪ್ ಮುಟ್ಟಿದಾಗ ಅವನು ನೆಲಮಾಳಿಗೆಯ ತಂಪು ಉಗ್ರಾಣದಲ್ಲಿ ಬಾಟಲಿಗಳನ್ನು ಅಡ್ಡಲಾಗಿ ಜೋಡಿಸುತ್ತಿದ್ದ. ಅವಳನ್ನು ಕಂಡು ಕೈಯಲ್ಲಿದ್ದದ್ದನ್ನು ಎಲ್ಲಿಡಬೇಕೆಂದೂ ತಿಳಿಯದೆ ನಿಂತ.

"ಟ್ಯಾಂಕಿನ ಕೆಲಸ ಮುಗಿದ ಮೇಲೂ ನನ್ನ ಯಾಕೆ ಕರೆದ್ರಿ?"

"ಮೊದಲಿನ ನಾಲ್ಕು ಶನಿವಾರ ನಿಮ್ಮ ಮೂಗಿನ ಸಲುವಾಗಿ. ಅದು ನನ್ನ ತಪ್ಪು," ಎಂದ ಪ್ರಣವ. ಅವನ ದನಿ ತಗ್ಗಿತು. "ಆಮ್ಯಾಲಿನವು... ನೀವು ಬರ್ಲಿ ಅಂತ. ಬರೇ ಅದಕ್ಕ."

"ಅವತ್ತು ಹೇಳಬಹುದಿತ್ತಲ್ಲ?"

"ಸುಳ್ಳು ಹೇಳಿ ಕರಕೊಂಡಾವ ಪ್ರೀತಿ ಅಂದ್ರ ಯಾರು ನಂಬ್ತಾರ್ರಿ? ಮೊದ್ಲ ಎಲ್ಲಾರ ಮುಂದ ಖರೆ ಹೇಳಿ, ಆಮ್ಯಾಲೆ ನಿಮ್ಮ ಕಡೆ ಬರೋಣಂತ ಮಾಡಿದ್ದೆ."

ಸಿಂಧೂರಳ ಕಣ್ಣು ತುಂಬಿತು. ಸಿಟ್ಟು ಎಲ್ಲಿ ಹೋಯಿತು ಎಂದು ಹುಡುಕಿದಳು. ಸಿಗಲಿಲ್ಲ. ಬದಲಿಗೆ ಒಂದು ಅನುಮಾನ ಎದ್ದಿತು.

"ಮತ್ತೆ ಆ ವಾರಗಳಲ್ಲಿ ಎಂಟೆಂಟು ಗ್ಲಾಸಲ್ಲಿ ಏನಿತ್ತು?"

ಅವನು ಬಾಟಲಿಗಳತ್ತ ಮುಖ ತಿರುಗಿಸಿದ. ಕಿವಿ ಕೆಂಪಾಗಿತ್ತು.

"ಒಂದೇ ವೈನ್ರಿ. ಎಲ್ಲಾದರಾಗೂ."

"ಅಯ್ಯೋ... ನಾನು ಒಂದೊಂದಕ್ಕೂ ಬೇರೆ ಬೇರೆ ಹೇಳಿದ್ನಲ್ಲಾ!"

"ಹೌದ್ರಿ. ನಲವತ್ತೆಂಟು ವಾಸನಿ ಹೇಳೀರಿ. ಎಲ್ಲಾ ಬರಕೊಂಡೀನಿ."

ಅವಳಿಗೆ ನಾಚಿಕೆಯಾಗಿ, ನಾಚಿಕೆ ನಗೆಯಾಗಿ, ಆ ನಗೆ ಅಳುವಿನ ಅಂಚಿಗೆ ಹೋಗಿ ಮರಳಿತು. ಅವನೂ ನಕ್ಕ.

"ಇದನ್ನು ಯಾವಾಗ ತೆಗೆಯೋದು?" ಎಂದು ಬಾಟಲಿ ತೋರಿಸಿ ಕೇಳಿದಳು.

"ಐದು ವರ್ಷರೆ ಬೇಕು. ಈಗ ತೆಗದ್ರ ಜೇನು ಬರಂಗಿಲ್ಲ."

"ಅಲ್ಲೀವರೆಗೂ ನನಗೆ ರೀ, ರೀ ಅಂತಲೇ ಇರ್ತೀರಾ?"

ಅವನು ಅವಳ ಕೈ ಹಿಡಿದುಕೊಂಡ.

"ಬಿಡ್ತೇನ್ರಿ," ಎಂದ.