ಬಾಕಿ ಉಳಿದ ಅಭಿಪ್ರಾಯ

ಅಂದು ಬೆಳಗ್ಗೆ ಕೃಷ್ಣೆಯ ಕಡೆಯಿಂದ ಎದ್ದ ಮಂಜು ಬನಹಟ್ಟಿಯ ಓಣಿಗಳಲ್ಲಿ ಎಷ್ಟು ದಟ್ಟವಾಗಿ ಕೂತಿತ್ತೆಂದರೆ, ಮಗ್ಗಗಳ ಸಪ್ಪಳ ಕೇಳುತ್ತಿತ್ತೇ ಹೊರತು ಮಗ್ಗದ ಮನೆಗಳು ಕಾಣುತ್ತಿರಲಿಲ್ಲ. 2025ರ ಜನವರಿ 16, ಗುರುವಾರ. ಒಂಬತ್ತೂ ಇಪ್ಪತ್ತಕ್ಕೆ ಇಬ್ಬರು ಆ ಮಂಜಿನಿಂದ ಠಾಣೆಯ ಮೆಟ್ಟಿಲು ಹತ್ತಿ ಬಂದರು. ಮುಂದೆ ವಾಚನಾಲಯ ನಡೆಸುವ ಗುರುರಾಜ. ಹಿಂದೆ, ಬರಲೋ ಬೇಡವೋ ಎಂಬಂತೆ, ನಿವೃತ್ತ ಗಣಿತ ಶಿಕ್ಷಕಿ ವತ್ಸಲಾಬಾಯಿ.

"ಕಳವಾಗೇದ್ರಿ ಸಾಹೇಬ್ರ," ಎಂದ ಗುರುರಾಜ.

ಪಿಎಸ್‌ಐ ಗಿರಿಮಲ್ಲಪ್ಪ ಪೆನ್ನು ತೆಗೆದ. "ಏನು?"

"ಕಾದಂಬರಿ. ಈ ಬಾಯಾರು ಕೈಲೆ ಬರದದ್ದು. ಮಂತ್ರ ಕಲಿಯೂ ಸಾಲಿಗೆ ಹೋಗೂ ಚಂದ್ರಿ ಅನ್ನೂ ಹುಡುಗಿ ಕತಿ. ಎರಡು ಕಟ್ಟು. ಎರಡನೇದ್ದು ಹೋಗೇದ."

"ಹೋದರ ಹೋತು ಬಿಡ್ರಿ," ವತ್ಸಲಾಬಾಯಿ ಮೆಲ್ಲಗೆ ಅಂದರು. "ಹೆಂಗೂ ಎರಡೂ ಇವತ್ತ ಹೊಳಿಗೆ ಬಿಡೋಳಿದ್ದೆ."

"ಕಿಮ್ಮತ್ತು?"

"ರದ್ದಿ ಕಿಮ್ಮತ್ತು ಬರೀರಿ."

"ಆರು ವರ್ಷ ಅಂತ ಬರೀರಿ ಸಾಹೇಬ್ರ," ಎಂದ ಗುರುರಾಜ. "ನನ್ನ ಸುಪರ್ದಿನಾಗ ಇದ್ದದ್ದು. ನಾ ಬಿಡಾಂಗಿಲ್ಲ."

ಗಿರಿಮಲ್ಲಪ್ಪ ಕಿಮ್ಮತ್ತಿನ ಕಲಮನ್ನು ಸದ್ಯಕ್ಕೆ ಖಾಲಿ ಬಿಟ್ಟ. 10.05ಕ್ಕೆ ಎಫ್‌ಐಆರ್ ಸಿದ್ಧವಾಯಿತು.

ಹನ್ನೊಂದಕ್ಕೆ ಇಬ್ಬರು ಪಂಚರ ಎದುರು ವಾಚನಾಲಯದ ಪಂಚನಾಮೆ. ಬಾಗಿಲ ಬೀಗ ಭದ್ರವಾಗಿತ್ತು. ಕಿಟಕಿಗೆ ಕಬ್ಬಿಣದ ಸರಳು. ಒಂದು ಕದ ಮುಚ್ಚುತ್ತಿರಲಿಲ್ಲ. ಕಟ್ಟು ಇದ್ದ ಮೇಜು ಕಿಟಕಿಯಿಂದ ಆರು ಅಡಿ ದೂರ. ಧೂಳಿನ ಮೇಲೆ ಮೇಜಿನಿಂದ ಕಿಟಕಿಯವರೆಗೆ ಏನನ್ನೋ ಎಳೆದ ಗೆರೆ. ಯಾರ ಕೈ ಅಷ್ಟುದ್ದ? ಸರಳಿಗೆ ಸಿಕ್ಕಿದ್ದ ಕರಿ ಎಳೆಯೊಂದನ್ನು ಹೆಡ್ ಕಾನ್‌ಸ್ಟೇಬಲ್ ಹಾಲವ್ವ ಬಿಡಿಸಿ ತೆಗೆದಳು.

"ಊರ ತುಂಬ ನೂಲ. ಇದನ್ನೇನು ಸಾಕ್ಷಿ ಅಂತ ಹಿಡೀತಿ?" ಎಂದ ಗಿರಿಮಲ್ಲಪ್ಪ.

ಹಾಲವ್ವ ಎಳೆಯನ್ನು ಎರಡು ಬೆರಳಲ್ಲಿ ಹೊಸೆದಳು. "ನಾ ನೇಕಾರ ಮನಿ ಮಗಳ್ರಿ ಸಾಹೇಬ್ರ. ಇದು ಹತ್ತಿ ಅಲ್ಲ. ಉಣ್ಣಿ. ಮಿಲ್ಲಿಂದಲ್ಲ, ಕೈಲೆ ನೂತದ್ದು. ಕಂಬಳಿದು."

ವಾಚನಾಲಯದಲ್ಲಿ ಒಂದು ನೇಮವಿತ್ತು. ಕಟ್ಟು ಪಾಳಿಯಂತೆ ಮನೆಯಿಂದ ಮನೆಗೆ ಹೋಗಬೇಕು. ಓದಿದವರು ಅಭಿಪ್ರಾಯದ ವಹಿಯಲ್ಲಿ ನಾಲ್ಕು ಸಾಲು ಬರೆದೇ ತೀರಬೇಕು. ಗಿರಿಮಲ್ಲಪ್ಪ ಅಲ್ಲೇ ಕೂತು ವಹಿ ಓದಿದ. 'ಮಂತ್ರಾ ಕಲತ ಹುಡುಗಿ ನಮ್ಮ ಮಗ್ಗಕ್ಕ ದಿನಾ ಕರೆಂಟ್ ತರಸ್ತಾಳೇನು? ಹಂಗಿದ್ದರ ಎರಡನೇ ಕಟ್ಟೂ ಓದ್ತೇನಿ' ಎಂದು ಒಬ್ಬ ಮಗ್ಗದ ಮಾಲೀಕ ಬರೆದಿದ್ದ. ನಕ್ಕು ಹಾಳೆ ತಿರುವಿದರೆ ಮುಂದಿನ ಬರಹಕ್ಕೆ ಹೆಸರೇ ಇರಲಿಲ್ಲ: 'ಈ ವಯಸ್ಸಿನಾಗ ಭಜನಿ ಮಾಡೂದು ಬಿಟ್ಟು ಮಾಟ ಮಂತ್ರ ಯಾಕ ಬೇಕಿತ್ತು?' ಆ ಹಾಳೆಯ ಅಂಚು ಬೆರಳಾಡಿ ಬೆರಳಾಡಿ ಮಾಸಿತ್ತು. ಯಾರು ಅದನ್ನು ಮತ್ತೆ ಮತ್ತೆ ತೆರೆದು ಓದಿದ್ದಾರೆಂದು ಅವನಿಗೆ ಕೇಳಬೇಕೆನಿಸಲಿಲ್ಲ.

ಮೊದಲ ಕಟ್ಟು ಒಯ್ದವರ ಪಟ್ಟಿಯಲ್ಲಿ ಒಂಬತ್ತು ಹೆಸರು. ಅಭಿಪ್ರಾಯಗಳು ಎಂಟು. ಒಂಬತ್ತನೆಯ ಹೆಸರಿನ ಎದುರು ಸಹಿಯಿಲ್ಲ, ಹೆಬ್ಬೆಟ್ಟು.

"ಓದಾಕ ಬರದಾಕಿ ಪುಸ್ತಕ ಒಯ್ದಾಳಲ್ಲ?"

"ಸಿದ್ದಕ್ಕ ಅಂತ್ರಿ, ಕುರಿಯಾಕಿ," ಎಂದ ಗುರುರಾಜ. "ಮೊಮ್ಮಗಳ ಕಡಿಂದ ಓದಿಸಿ ಕೇಳ್ತಾಳ. ಮೊದಲ ಕಟ್ಟು ಒಯ್ದು ಕೊಟ್ಟಾಳ. ಎರಡನೇದಕ್ಕ ಆಕಿದ ಪಾಳಿ ಇತ್ತು."

ಕುರಿಯವರು ಬೀಡುಬಿಟ್ಟಿದ್ದ, ಬೀರಪ್ಪನ ಗುಡಿಯ ಹಿಂದಿನ ಬಯಲಿಗೆ ಹೋದಾಗ ಮೂರು ಒಲೆಯ ಬೂದಿಯಷ್ಟೇ ಉಳಿದಿತ್ತು. ಹಿಂಡು ಗುರುವಾರ ಹೊತ್ತು ಮೂಡುವಾಗಲೇ ಎದ್ದಿತ್ತು. ಕುರಿ ಹೋದ ದಾರಿ ಮುಚ್ಚಿಡಲಾಗದು. ಮಹಾಲಿಂಗಪುರದ ಚಹಾದಂಗಡಿಯವನೊಬ್ಬ ಕಂಡಿದ್ದ, ಮುಧೋಳದಲ್ಲಿ ಮತ್ತೊಬ್ಬ. 20ರ ಸೋಮವಾರ ಮಧ್ಯಾಹ್ನ ಮೂರೂವರೆಗೆ, ಬೀಳಗಿ ರಸ್ತೆಯ ಬದಿ, ಕಬ್ಬು ಕಡಿದ ಹೊಲವೊಂದರಲ್ಲಿ ಗೊಬ್ಬರಕ್ಕೆಂದು ತರುಬಿದ್ದ ಹಿಂಡು ಸಿಕ್ಕಿತು. ಬೇವಿನ ನೆರಳಲ್ಲಿ ಹರೆಯದ ಹುಡುಗಿಯೊಬ್ಬಳು ಗಟ್ಟಿಯಾಗಿ ಏನೋ ಓದುತ್ತಿದ್ದಳು. ನಾಲ್ಕಾರು ಹೆಂಗಸರು ತಲೆಯ ಮೇಲೆ ಸೆರಗು ಹೊದ್ದು ಕೇಳುತ್ತಿದ್ದರು. ಜೀಪು ಕಂಡು ಓದು ನಿಂತಿತು.

"ಸಿದ್ದಕ್ಕ ಯಾರು?"

ಹಣೆಯ ತುಂಬ ಅರಿಸಿನದ ಬಂಡಾರ ಬಳಿದ ಮುದುಕಿ ಎದ್ದಳು. "ನಾನರಿ. ಕುರಿ ಯಾರದರ ಬೆಳಿ ಮೇದಾವೇನ್ರಿ?"

"ಇಲ್ಲ. ಗುರುವಾರ ನಸುಕಿನಾಗ ಎಲ್ಲಿದ್ರಿ?"

ಅವಳು ಹಣೆ ಮುಟ್ಟಿಕೊಂಡಳು. "ವಾಚನಾಲಯದ ಕಿಟಕಿ ಹಂತ್ಯಾಕ. ಬೀರಪ್ಪನ ಬಂಡಾರ ಹಚಗೊಂಡ ಹಣಿ ಇದು. ಸುಳ್ಳ ಹೇಳಾಂಗಿಲ್ರಿ."

"ಹೆಂಗ ತಗದ್ರಿ?"

"ದೋಟಿಲೆ. ಜಾಲಿಕಾಯಿ ಉದರಸೂ ಕೊಕ್ಕಿ ಇರತೈತಲ್ರಿ, ಕಟ್ಟಿನ ದಾರಕ್ಕ ಹಾಕಿ ಎಳದೆ."

"ಯಾಕ?"

"ಪಾಳಿ ನಂದಿತ್ತು. ಬುಧವಾರ ಸಂಜಿಕ ಕೇಳಾಕ ಹೋದರ, ನಾಳೆ ಹೊಳಿಗೆ ಬಿಡ್ತೀನಿ ಅಂತ ಬಾಯಾರು ಒಳಗ ಅಂದದ್ದು ಕೇಳಿಸ್ತು. ಪುರಾಣ ಹಚ್ಚಿದ ಮ್ಯಾಲ ಮಂಗಲ ಆಗೂತನಕ ಏಳಬಾರದ್ರಿ."

"ಇದು ಪುರಾಣ ಅಲ್ಲಬೇ," ಎಂದಳು ಹಾಲವ್ವ.

"ಕೇಳಾಕಿಗೆ ಎಲ್ಲಾ ಪುರಾಣನ ಯವ್ವಾ." ಸಿದ್ದಕ್ಕ ನಿಟ್ಟುಸಿರಿಟ್ಟಳು. "ಆದರ ಕಳವು ಮಾಡಿದ್ದೂ ದಂಡಾತು. ಮಂಗಲಾನ ಇಲ್ಲ ಇದಕ್ಕ!"

ಮೊಮ್ಮಗಳು ರೇಷ್ಮಾ ಬರಹವಿದ್ದ ಕೊನೆಯ ಹಾಳೆ ತೋರಿಸಿದಳು. ಪರೀಕ್ಷೆಯ ದಿನ ಗುರುಗಳ ಎದುರು ಚಂದ್ರಿ ಮಂತ್ರ ಮರೆತು ನಿಂತಿದ್ದಾಳೆ. ಸಾಲು ಅರ್ಧಕ್ಕೆ ನಿಂತಿದೆ. ಮುಂದಿನ ಹಾಳೆಗಳೆಲ್ಲ ಖಾಲಿ.

"ಮುಗಿದಿಲ್ಲಂತ ಗೊತ್ತಾದ ಮ್ಯಾಲೂ ಯಾಕ ಓದಾಕತ್ತೀರಿ?" ಗಿರಿಮಲ್ಲಪ್ಪ ಕೇಳಿದ.

"ಎರಡನೇ ಸಲ ರೀ," ಎಂದಳು ರೇಷ್ಮಾ, ತಲೆ ಎತ್ತದೆ.

"ನೀ ಸಾಲಿ ಎಷ್ಟು ಓದೀದಿ?"

ಅವಳು ಹಾಳೆಗಳನ್ನು ಜೋಡಿಸತೊಡಗಿದಳು. ಅಜ್ಜಿಯೇ ಅಂದಳು, "ಹತ್ತನೇತ್ತ ಎರಡು ಸಲ ನಪಾಸ್ರಿ. ಮೂರು ವರ್ಷ ಹಾಳಿ ಕಂಡರ ಮಾರಿ ತಿರುವತಿದ್ಲು. ಈ ಚಂದ್ರಿ ಸಲುವಾಗಿ ಮತ್ತ ಅಕ್ಷರ ಹಿಡದಾಳ. ಹೊಳಿಗೆ ಬಿಟ್ಟರ ಇಕಿನ್ನೂ ಬಿಟ್ಟಂಗ ಆಕ್ಕಿತ್ತು. ನನ್ನ ಒಯ್ಯಿರಿ ಸಾಹೇಬ್ರ, ನಡೀರಿ."

ಕಾಯಿದೆ ಕಾಯಿದೆಯೇ. ಕಟ್ಟನ್ನೂ ದೋಟಿಯನ್ನೂ ಗಿರಿಮಲ್ಲಪ್ಪ ಪಂಚರ ಎದುರು ಜಪ್ತು ಮಾಡಿದ. 4.10ಕ್ಕೆ, ಹೊತ್ತು ಮುಳುಗುವ ಮುಂಚೆ, ಹಾಲವ್ವ ದಸ್ತಗಿರಿ ಪತ್ರವನ್ನು ಅಜ್ಜಿಗೆ ಓದಿ ಹೇಳಿ ರೇಷ್ಮಾಳ ಸಹಿ ಪಡೆದಳು. ಹುಡುಗಿಯ ಅಕ್ಷರ ದುಂಡಗಿತ್ತು.

ಸಂಜೆ ಠಾಣೆಯಲ್ಲಿ ರೇಷ್ಮಾ ಒಂದು ಬಿಳಿ ಹಾಳೆ ಕೇಳಿದಳು. ಗಿರಿಮಲ್ಲಪ್ಪ ತನ್ನ ಪ್ಯಾಡಿನಿಂದಲೇ ಹರಿದು ಕೊಟ್ಟ. ಕೇಸ್ ಡೈರಿ ಬರೆಯುತ್ತಿದ್ದವನ ಕಿವಿಗೆ ಅಜ್ಜಿ ಹೇಳಿ ಬರೆಸುವುದು ಬೀಳುತ್ತಿತ್ತು.

"ಬರಿ. ಕತಿ ಛಲೋ ಐತ್ರಿ. ಚಂದ್ರಿ ಮುಗಿಲಾಗ ಹಾರೂದು ಖರೆ ಅನಿಸಲಿಲ್ಲ. ಆದರ ಅಕಿ ಮರತು ನಿಂತದ್ದು ಖರೆ ಅನಿಸ್ತು. ಆ ಪೋರಿನ್ನ ಅಲ್ಲೇ ನಿಂದ್ರಸಬ್ಯಾಡ್ರಿ. ನಮ್ಮ ಮನ್ಯಾಗ ಒಬ್ಬಾಕಿ ಅಕಿ ಸಂಗಾಟ ನಿಂತಾಳ." ತುಸು ತಡೆದು, "ಈ ಸಲ ಪರೀಕ್ಷಾಕ್ಕ ಕುಂದರತಾಳಂತ, ಅದನ್ನೂ ಬರಿ."

"ಅದ್ಯಾಕ ಆಯಿ?"

"ಬರೀಬೇ ಅಂದ್ರ ಬರಿ."

ಡೈರಿಯಲ್ಲಿ ಪ್ರೇರಣೆಯ ಸಾಲಿನಲ್ಲಿ ಗಿರಿಮಲ್ಲಪ್ಪ ಇಷ್ಟೇ ಬರೆದ: 'ಆರೋಪಿಗೆ ಸ್ವಂತ ಲಾಭದ ಉದ್ದೇಶ ಕಂಡುಬಂದಿಲ್ಲ. ಕತೆ ಮುಂದುವರಿಯಬೇಕಿತ್ತು.' ಮೇಲಿನವರು ಬೈದರೆ ಬೈಯಲಿ.

ಮಂಗಳವಾರ ಕೋರ್ಟಿನಲ್ಲಿ ಗುರುರಾಜನಾಗಲಿ ವತ್ಸಲಾಬಾಯಿಯಾಗಲಿ ತಕರಾರು ಹೇಳಲಿಲ್ಲ, ಜಾಮೀನಾಯಿತು. ಹೊರಗೆ ಪಡಸಾಲೆಯಲ್ಲಿ ಎಳೆಬಿಸಿಲು. ವತ್ಸಲಾಬಾಯಿ ಸಿದ್ದಕ್ಕನ ಎದುರು ನಿಂತರು.

ಗುರುರಾಜನೇ ಅಂದ, "ಆಯಿ, ಕಳವಿಂದು ಕೋರ್ಟ್ ನೋಡ್ತದ. ಮೊದಲನೇ ಕಟ್ಟಿಂದು ನಿಂದೊಂದು ಅಭಿಪ್ರಾಯ ನನ್ನ ವಹಿನಾಗ ಬಾಕಿ ಅದ."

ಸಿದ್ದಕ್ಕ ಸೆರಗಿನ ಗಂಟು ಬಿಚ್ಚಿದಳು. ನಾಲ್ಕು ಮಡಿಕೆಯ ಹಾಳೆ, ಕೆಳಗೆ ನೀಲಿ ಹೆಬ್ಬೆಟ್ಟು. ಅದನ್ನು ಒಮ್ಮೆ ಕಣ್ಣಿಗೊತ್ತಿಕೊಂಡು, ಗುರುರಾಜನ ಚಾಚಿದ ಕೈ ದಾಟಿಸಿ, ವತ್ಸಲಾಬಾಯಿಯ ಅಂಗೈಯಲ್ಲಿ ಇಟ್ಟಳು.