ಎಡಗಡೆಯ ಮುಂದಿನ ಚಕ್ರ

"ಮತ್ತೆ ಬಂತು ನೋಡು ಅಜ್ಜ" ಎಂದಳು ಸುಜು. "ಟಕ್ ಟಕ್ ಅಂತಿದೆ. ನನ್ನ ಕಾಲ ಕೆಳಗೇ."

ತೊಕುಜೊ ಅಜ್ಜ ಕಾರನ್ನು ನಿಧಾನ ಮಾಡಿ ಕತ್ತು ವಾಲಿಸಿದ. ಅವನ ಕಿವಿಯೋ, ದೇವರಿಗೇ ಪ್ರೀತಿ. ಅವನು ಟಿವಿ ಹಾಕಿದರೆ ಪಕ್ಕದ ಬೀದಿಯವರೂ ವಾರ್ತೆ ಕೇಳಬಹುದಿತ್ತು. ಆದರೂ ಏನೂ ಅನುಮಾನವಿಲ್ಲದವನ ಹಾಗೆ, ಡಿಕ್ಕಿಯಲ್ಲಿರುವ ಹಿಮ ಬಾಚುವ ಸಲಿಕೆಯದೇ ಸದ್ದು ಎಂದುಬಿಟ್ಟ.

ಕಾರು ನಿಲ್ಲಿಸಿ, ಸಲಿಕೆಗೆ ಕಂಬಳಿ ಸುತ್ತಿ ಹಿಂದಿನ ಸೀಟಿನ ಮೇಲೆ ಮಲಗಿಸಿದರು. ಮತ್ತೆ ಹೊರಟರು. ಟಕ್ ಟಕ್ ಟಕ್. ಜೋರಾಗಿ ಹೋದರೆ ಸದ್ದು ಅಡಗುತ್ತಿತ್ತು, ನಿಧಾನವಾದರೆ ಮತ್ತೆ ಶುರು. ಈಗ ಸ್ಟೀರಿಂಗ್ ಕೂಡ ಸಣ್ಣಗೆ ನಡುಗತೊಡಗಿತು.

ಅವರು ಅಜ್ಜಿಯನ್ನು ನೋಡಲು ಹೊರಟಿದ್ದರು. ಅಜ್ಜಿ ಇದ್ದದ್ದು ಸುರಂಗದಾಚೆಯ ಊರಿನಲ್ಲಿ, ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿ. ಅವಳಿಗೆ ಈಗ ಯಾರ ಹೆಸರೂ ನೆನಪಿಲ್ಲ. ಬೇರೆ ಯಾರಾದರೂ ಚಮಚ ಹಿಡಿದರೆ ಬಾಯಿ ಬಿಗಿದುಕೊಳ್ಳುತ್ತಾಳೆ. ಅಜ್ಜ ಹಿಡಿದರೆ ಮಾತ್ರ ಬಾಯಿ ತೆರೆದು ಗಂಜಿ ಕುಡಿಯುತ್ತಾಳೆ. ಅದಕ್ಕೇ ಅಜ್ಜ ದಿನಾ ಹೋಗುತ್ತಿದ್ದ. ಆ ದಾರಿಯ ಬಸ್ಸು ನಿಂತುಹೋಗಿ ಯಾವ ಕಾಲವಾಯಿತೋ. ಸ್ಕೂಲಿಗೆ ರಜೆ ಇದ್ದಾಗ ಸುಜುವೂ ಜೊತೆಗೆ ಹೋಗುತ್ತಿದ್ದಳು.

ಹೋದ ತಿಂಗಳು ಅಜ್ಜ ಕಾರನ್ನು ಗೇಟಿನ ಕಂಬಕ್ಕೆ ಉಜ್ಜಿದ್ದ. ಇನ್ನೊಂದು ಸಲ ಏನಾದರೂ ಆದರೆ ಲೈಸೆನ್ಸನ್ನು ಪೊಲೀಸ್ ಠಾಣೆಗೆ ವಾಪಸ್ ಕೊಟ್ಟುಬಿಡಬೇಕು ಎಂದು ಅಮ್ಮ ಆವತ್ತೇ ಹೇಳಿದ್ದಳು. ಅವರ ಊರಲ್ಲಿ ಎಷ್ಟೋ ಅಜ್ಜಂದಿರು ಹಾಗೆ ಕೊಟ್ಟಿದ್ದರು. ಕೊಟ್ಟವರು ಆಮೇಲೆ ಮನೆ ಬಿಟ್ಟು ಹೊರಗೆ ಬರುವುದೇ ಅಪರೂಪವಾಗಿತ್ತು.

"ಟೈರಿಗೆ ಕಲ್ಲು ಸಿಕ್ಕಿರುತ್ತೆ" ಎನ್ನುತ್ತಾ ಅಜ್ಜ ಮತ್ತೆ ಕಾರು ನಿಲ್ಲಿಸಿದ. ಅವನು ಹಿಂದಿನ ಚಕ್ರ ನೋಡಲು ಹೋದ. ಸುಜು ಮುಂದೆ, ತನ್ನ ಬಾಗಿಲ ಪಕ್ಕದ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತಳು. ಕಲ್ಲಿರಲಿಲ್ಲ. ಕೈಗವಸು ತೆಗೆದು ಒಂದು ನಟ್ಟನ್ನು ಮುಟ್ಟಿದಳು. ಅದು ತಿರುಗಿತು. ಪಕ್ಕದ್ದೂ ತಿರುಗಿತು.

"ಅಜ್ಜ, ಇದು ಬೆರಳಿಗೇ ತಿರುಗ್ತಿದೆ."

ಅಜ್ಜ ಬಂದು ನಾಲ್ಕೂ ನಟ್ಟುಗಳನ್ನು ಮುಟ್ಟಿ ನೋಡಿದ.

ಕಳೆದ ಭಾನುವಾರವಷ್ಟೇ ಅವನು ಹಿಮದಲ್ಲಿ ಜಾರದ ಚಳಿಗಾಲದ ಟೈರು ಹಾಕಿದ್ದ. ಪ್ರತಿ ವರ್ಷ ಹಿಮ ಬೀಳುವ ಮುಂಚೆ ಅದು ಅವನದೇ ಕೆಲಸ, ಅದರಲ್ಲಿ ಅವನದು ಎತ್ತಿದ ಕೈ. ಚಕ್ರ ಮೇಲಿರುವಾಗ ನಟ್ಟುಗಳನ್ನು ಸ್ವಲ್ಪ ತಿರುಗಿಸಿಡುವುದು, ಜಾಕ್ ಇಳಿಸಿದ ಮೇಲೆ ಪಾನಾ ಹಾಕಿ ಮೈಭಾರ ಬಿಟ್ಟು ಬಿಗಿ ಮಾಡುವುದು. ಈ ಸಲ ಹಿಂದಿನ ಒಂದು ಚಕ್ರವನ್ನು ಸುಜುವಿನ ಕೈಲೇ ಬಿಗಿ ಮಾಡಿಸಿದ್ದ. ಕೊನೆಗೆ ಉಳಿದದ್ದು ಈ ಚಕ್ರ. ಇದರ ಜಾಕ್ ಇಳಿಸುವುದಕ್ಕೂ ಊರಿನ ಮೈಕಿನಲ್ಲಿ ದಿನಾ ಹನ್ನೆರಡು ಗಂಟೆಗೆ ಹಾಕುವ ಹಾಡು ಬರುವುದಕ್ಕೂ ಸರಿಹೋಯಿತು. ಅಜ್ಜಿ ಮನೆಯಲ್ಲಿದ್ದಾಗ ಆ ಹಾಡು ಬಂದರೆ ಊಟಕ್ಕೆ ಕರೆಯುತ್ತಿದ್ದಳು. ಅಜ್ಜ ಪಾನಾವನ್ನು ನೆಲಕ್ಕಿಟ್ಟು ಒಳಗೆ ಹೋದ. ಉಂಡು ಬಂದವನು ಪಾನಾವನ್ನು ಡಬ್ಬಿಗೆ ಹಾಕಿ ಮುಚ್ಚಿಬಿಟ್ಟಿದ್ದ.

ಈಗ ಅದೇ ಪಾನಾ ತಂದು ಬಿಗಿ ಮಾಡಿದ. ಮುಗಿಸಿ, ಅಮ್ಮನಿಗೆ ಫೋನ್ ಮಾಡು ಎಂದ.

ಸುಜುವಿಗೆ ಅಳು ಬಂತು. "ಯಾಕೆ? ಬಿಗಿ ಆಯ್ತಲ್ಲ, ಹೋಗೋಣ. ಅಜ್ಜಿ ಹಸ್ಕೊಂಡಿರ್ತಾಳೆ. ಅಮ್ಮ ಕೇಳಿದ್ರೆ ಈ ಚಕ್ರ ನಾನೇ ಬಿಗಿ ಮಾಡಿದ್ದು ಅಂತೀನಿ. ಬೈದ್ರೆ ನನ್ನ ಬೈಲಿ."

"ನೀನು ಮಾಡಿದ್ದು ಹಿಂದಿಂದು. ಅದು ಕಲ್ಲಿನ ಹಾಗೆ ಕೂತಿದೆ" ಎಂದ ಅಜ್ಜ. "ಇದು ನಂದು, ಪುಟ್ಟಿ."

ಡಬ್ಬಿಯಲ್ಲಿ ಊಟ ಕಟ್ಟಿ ಮಾರುವ ಅಂಗಡಿಯಲ್ಲಿ ಕೆಲಸ ಮಾಡುವ ಅಮ್ಮ, ಏಪ್ರನ್ ಕೂಡ ಬಿಚ್ಚದೆ ತನ್ನ ಕಾರಿನಲ್ಲಿ ಓಡಿಬಂದಳು. ಬೈಯುವುದಕ್ಕೆಂದೇ ಬಂದವಳ ಹಾಗಿತ್ತು ಮುಖ. ಅವಳು ಬಾಯಿ ತೆರೆಯುವ ಮೊದಲೇ ಅಜ್ಜ ಎರಡೂ ಕೈಯಲ್ಲಿ ಕೀಲಿ ಹಿಡಿದು ಮುಂದೆ ಚಾಚಿದ.

"ಬಿಗಿ ಮಾಡೋದು ಮರ್ತೆ, ಮಗಳೇ. ಇನ್ನು ನನ್ನ ಕೈಲಾಗಲ್ಲ."

ಅಮ್ಮ ಕೀಲಿ ತೆಗೆದುಕೊಂಡಳು. ಬೈಗುಳ ಎಲ್ಲಿ ಹೋಯಿತೋ, ಸುಮ್ಮನೆ ಕಣ್ಣೊರೆಸಿಕೊಂಡಳು. ತನಗೆ ವಾರಕ್ಕೆ ಎರಡು ದಿನ ರಜೆ ಇರುತ್ತದಲ್ಲ, ಆಗ ತಾನೇ ಸುರಂಗದಾಚೆ ಕರೆದುಕೊಂಡು ಹೋಗುತ್ತೇನೆ ಎಂದಳು. ಅಜ್ಜ ಆಗಲಿ ಎಂದ.

ಉಳಿದ ದಿನ ಅಜ್ಜಿಗೆ ಯಾರು ಗಂಜಿ ಕುಡಿಸುತ್ತಾರೆ? ಮಾತು ಸುಜುವಿನ ನಾಲಿಗೆಯ ತುದಿಗೆ ಬಂದಿತ್ತು. ಅವಳು ಅಜ್ಜನ ಮುಖ ನೋಡಿದಳು. ಅಜ್ಜ ಕಾರಿನ ಎಡಗಡೆಯ ಮುಂದಿನ ಸೀಟನ್ನೇ ನೋಡುತ್ತಿದ್ದ. ಅದು ಅವಳು ಕೂರುವ ಜಾಗ. ಅದರ ಮುಂದೆಯೇ ಆ ಚಕ್ರ.

ಅವಳು ಕೇಳಬೇಕೆಂದಿದ್ದ ಪ್ರಶ್ನೆ ಅಜ್ಜನಿಗೆ ಗೊತ್ತಿಲ್ಲದ್ದಲ್ಲ. ಗೊತ್ತಿದ್ದೇ ಕೀಲಿ ಕೊಟ್ಟಿದ್ದ.

ಸುಜು ಮಾತು ನುಂಗಿಕೊಂಡಳು. ಅಮ್ಮನ ಕಾರಿನ ಹಿಂದಿನ ಸೀಟಿನಲ್ಲಿ, ಅಜ್ಜನಿಗೆ ಒತ್ತಿಕೊಂಡು ಕೂತಳು.