ತಾಳೆಯಾಗಬಾರದಿದ್ದ ನಂಬರು

ಮಾರ್ಚ್ 14, ಮಂಗಳವಾರ, ಬೆಳಿಗ್ಗೆ 9.10. ಕುಮಾಸಿ ನಗರದ ಸುವಾಮೆ ಪೊಲೀಸ್ ಠಾಣೆಗೆ ಬಂದ ಮುದಿ ಚಾಲಕ ಕ್ವಾಸಿ ಬಾದು ಕೊಟ್ಟ ದೂರು ವಿಚಿತ್ರವಾಗಿತ್ತು. ಇಪ್ಪತ್ತಾರು ವರ್ಷದಿಂದ ಅವನು ಓಡಿಸುತ್ತಿದ್ದ ಹಳೆಯ ಬೆಡ್‌ಫೋರ್ಡ್ ಲಾರಿ ಫಿಟರ್ ಫೊಫಿಯೆಯ ಶೆಡ್ಡಿಗೆ ರಿಪೇರಿಗೆ ಹೋಗಿ ಬಂದಿತ್ತು. ಈಗ ಅದರೊಳಗಿರುವುದು ತನ್ನ ಇಂಜಿನ್ ಅಲ್ಲ ಎನ್ನುತ್ತಿದ್ದ. ಪುರಾವೆ ಕೇಳಿದರೆ, ಸದ್ದು ಬೇರೆ ಎಂದ, ಅಷ್ಟೇ. ಲಾರಿಯ ಒಡತಿ, ಗೆಣಸಿನ ವ್ಯಾಪಾರಿ ಪೊಕುವಾ, ಮುದುಕನ ಕಿವಿ ಕೆಟ್ಟಿದೆ ಎಂದು ತೀರ್ಮಾನಿಸಿಬಿಟ್ಟಿದ್ದಳು. ಕಿವುಡನ ಕೈಗೆ ಸ್ಟೇರಿಂಗ್ ಕೊಡುವುದಿಲ್ಲ, ಶುಕ್ರವಾರದಿಂದ ಬೇರೆ ಚಾಲಕ ಬರುತ್ತಾನೆ ಎಂದಿದ್ದಳು.

“ಸದ್ದು ಅಷ್ಟು ಚೆನ್ನಾಗಿ ಕೇಳಿಸೋದಾದ್ರೆ, ಗೇಟಲ್ಲಿ ನಾನು ಮೂರು ಸಲ ಕೂಗಿದ್ದು ಯಾಕೆ ಕೇಳಿಸ್ಲಿಲ್ಲ ಯಜಮಾನ್ರೇ?” ಎಂದು ಕಾನ್‌ಸ್ಟೇಬಲ್ ಇಸ್ಸಾಕಾ ಕಾಲೆಳೆದ.

“ನೀನೇನು ಇಂಜಿನ್ನಾ?” ಎಂದ ಬಾದು.

10.40ಕ್ಕೆ ಠಾಣೆಯ ಅಂಗಳದಲ್ಲಿ ಲಾರಿಯ ಪಂಚನಾಮೆ. ಇಸ್ಸಾಕಾ ಸೀಮೆಎಣ್ಣೆ ಹಾಕಿ ಇಂಜಿನ್ನಿನ ಜಿಡ್ಡು ತಿಕ್ಕಿದ. ಕೊರೆದ ನಂಬರೂ ನೋಂದಣಿ ಪತ್ರದ ನಂಬರೂ ಸರಿಯಾಗಿ ತಾಳೆಯಾದವು. ಅಲ್ಲಿಗೆ ಫೈಲು ಮುಚ್ಚಬಹುದಿತ್ತು. ಆದರೆ ಇನ್ಸ್‌ಪೆಕ್ಟರ್ ಅಫ್ರಿಯೆಗೆ ಕೂತಲ್ಲಿ ಕೂರಲಾಗಲಿಲ್ಲ. ಅಂಗಳದಲ್ಲಿ ಶತಪಥ ಹಾಕಿದಳು, ನೀರು ತರಿಸಿ ಕುಡಿಯದೆ ಇಟ್ಟಳು. ಇಷ್ಟು ಹಳೆಯ ಲಾರಿಯ ಕಾಗದ ಇಷ್ಟು ಸರಿಯಾಗಿದ್ದುದನ್ನು ಅವಳು ಈ ಊರಿನಲ್ಲಿ ಕಂಡಿರಲಿಲ್ಲ.

“ಎಲ್ಲಾ ಸರಿ ಇದೆ. ಫೈಲ್ ಮುಚ್ಚಲಾ?” ಎಂದು ಬಾದುವನ್ನು ಕೇಳಿದಳು.

ಬಾದು ಟೋಪಿ ಹಿಸುಕುತ್ತ ನಿಂತ. “ಹೇಳಿದ್ರೆ ನನ್ನನ್ನೇ ಒಳಗೆ ಹಾಕ್ತೀರಿ ಮೇಡಂ.”

“ಹೇಳ್ದಿದ್ರೆ ಶುಕ್ರವಾರ ಲಾರಿ ಕೈಬಿಟ್ಟು ಹೋಗುತ್ತೆ.”

“ಆ ನಂಬರ್ ತಾಳೆ ಆಗ್ಲೇಬಾರದು.”

ಹದಿನಾರು ವರ್ಷದ ಹಿಂದೆ ಟೆಚಿಮಾನ್ ರಸ್ತೆಯಲ್ಲಿ ಮೂಲ ಇಂಜಿನ್ ಸೀಳಿಹೋಗಿತ್ತಂತೆ. ಗುಜರಿಯಿಂದ ಇನ್ನೊಂದನ್ನು ತಂದು ಕೂರಿಸಿದರು, ಕಾಗದ ತಿದ್ದಿಸುವ ಗೋಜಿಗೆ ಹೋಗಲಿಲ್ಲ. ಅಂದಿನಿಂದ ರಸ್ತೆ ತಪಾಸಣೆಯವರು ಹಿಡಿದಾಗಲೆಲ್ಲ ಬಾದು ಕೈಕಾಲು ಹಿಡಿದು ಪಾರಾಗುತ್ತಿದ್ದ. ಎಜುರಾ ತಪಾಸಣೆಯ ಹಳೆಯ ಚೀಟಿಯೊಂದನ್ನು ಜೇಬಿನಿಂದ ತೆಗೆದುಕೊಟ್ಟ. ಅದರಲ್ಲಿ ಬರೆದಿದ್ದ ಇಂಜಿನ್ ನಂಬರು ನೋಂದಣಿ ಪತ್ರದ ನಂಬರಿಗಿಂತ ಬೇರೆಯೇ ಆಗಿತ್ತು.

12.15ಕ್ಕೆ ಎಫ್‌ಐಆರ್ ದಾಖಲಾಯಿತು. ಒಂದು ಗಂಟೆಗೆ ಬಾದುವನ್ನೂ ಕರೆದುಕೊಂಡು ಹೋಗಿ ಫೊಫಿಯೆಯ ಶೆಡ್ಡು ಶೋಧಿಸಿದರು. ಹಿಂದುಗಡೆ ತಗಡಿನ ಮರೆಯಲ್ಲಿ, ಮರದ ದಿಮ್ಮಿಗಳ ಮೇಲೆ ಒಂದು ಇಂಜಿನ್ ಇತ್ತು. ಚೀಟಿಯ ನಂಬರೇ ಅದರ ಮೇಲಿತ್ತು. ಅದನ್ನು ಮಾರಲು ಇಟ್ಟ ಹಾಗೆ ಕಾಣಲಿಲ್ಲ, ತೊಳೆದು ಬಟ್ಟೆ ಹೊದಿಸಿದ್ದರು.

“ಲಾರಿಗೆ ಹಾಕಿದ ಇಂಜಿನ್ ಮೇಲೆ ಕಾಗದದ ನಂಬರ್ ಯಾಕೆ ಹೊಡೆದೆ?” ಎಂದು ಅಫ್ರಿಯೆ ಫೊಫಿಯೆಯನ್ನು ಕೇಳಿದಳು.

“ಕಾಗದಕ್ಕೆ ಸರಿಹೋದ್ರೆ ಯಾರೂ ಕೇಳಲ್ಲ ಅಂದ್ಕೊಂಡೆ. ಇದಕ್ಕಿಂತ ಒಳ್ಳೆ ಇಂಜಿನ್ನೇ ಕೂರಿಸಿದ್ದೀನಿ ಮೇಡಂ.”

“ಮತ್ತೆ ಇದ್ಯಾಕೆ ಬೇಕಿತ್ತು?”

ಫೊಫಿಯೆ ಇಂಜಿನ್ನಿನ ಮಗ್ಗುಲಿಗೆ ಬೆಸೆದಿದ್ದ ಹಿತ್ತಾಳೆಯ ತೇಪೆಯ ಮೇಲೆ ಕೈಯಿಟ್ಟ. “ಇದು ನಮ್ಮಪ್ಪ ಹಾಕಿದ್ದು.”

ಅಪ್ಪ ಸತ್ತಾಗ ಅಲ್ಲಿನ ಅಳಿಯಸಂತಾನದ ಪದ್ಧತಿಯಂತೆ ಅವನ ಲಾರಿ ಅವನ ಅಕ್ಕನ ಮಗನ ಪಾಲಾಯಿತು. ಅವನು ಒಂದೇ ತಿಂಗಳಲ್ಲಿ ಅದನ್ನು ಬಿಚ್ಚಿ ಗುಜರಿಗೆ ಹಾಕಿದ. ಸತ್ತವನ ಹೆಂಡತಿ ಮಕ್ಕಳಿಗೆ ಒಂದು ಸ್ಪಾನರ್ ಕೂಡ ಸಿಗಲಿಲ್ಲ. ಹದಿನೇಳು ವರ್ಷದ ಮೇಲೆ, ಬಾದುವಿನ ಲಾರಿಯ ಬಾನೆಟ್ ಎತ್ತಿದಾಗ ಫೊಫಿಯೆಗೆ ಆ ತೇಪೆ ಕಂಡಿತ್ತು.

1.50ಕ್ಕೆ ಫೊಫಿಯೆಯ ಬಂಧನವಾಯಿತು. ಸುದ್ದಿ ತಿಳಿದ ಪೊಕುವಾ ಫೋನು ಮಾಡಿ, ಲಾರಿ ಬಾದುವಿನ ಕೈಯಲ್ಲೇ ಇರಲಿ ಎಂದಳು. ಮುದುಕನ ಮುಖ ಅರಳಲಿಲ್ಲ. ಜೀಪು ಹತ್ತುತ್ತಿದ್ದ ಫೊಫಿಯೆಯನ್ನೇ ನೋಡುತ್ತಿದ್ದ.

“ದೂರು ವಾಪಸ್ ತಗೊಳ್ಳೋಕೆ ಆಗಲ್ವಾ ಮೇಡಂ?”

“ಎಫ್‌ಐಆರ್ ಆಗಿದೆ ಯಜಮಾನ್ರೇ.”

“ಮೊದಲೇ ಗೊತ್ತಿದ್ದಿದ್ರೆ, ಕಿವುಡ ಅನ್ನಿಸ್ಕೊಂಡೇ ಇರ್ತಿದ್ದೆ.”

ಅಫ್ರಿಯೆ ಅದನ್ನು ಹೇಳಿಕೆಯಲ್ಲಿ ಬರೆದುಕೊಳ್ಳಲಿಲ್ಲ.